ದ್ವೀಪಕ್ಕೆ ಹೊರಡುವ ಮೊದಲು ಪಂಚಾಂಗವನ್ನೂ ಒಮ್ಮೆ ತೆರೆಯಿರಿ

ಮಾನ್ಯರೆ,

ಬೇಸಿಗೆ ರಜೆ ಹತ್ತಿರ ಬಂತೆಂದರೆ ಪತ್ರಿಕೆಯ ಒಳಪುಟಗಳಲ್ಲಿ ‘ಅಂಡಮಾನ್: 4 ರಾತ್ರಿ, 5 ಹಗಲು’ ಎಂಬ ಜಾಹೀರಾತುಗಳು ಸಾಲುಗಟ್ಟುತ್ತವೆ. ನೀಲಿ ನೀರು, ಬಿಳಿ ಮರಳು, ನೀರಿನ ಮೇಲೆ ಬಾಗಿದ ಮರ. ಚಿತ್ರವೇನೋ ನಿಜವೇ, ಎಡವಟ್ಟಾಗುವುದು ಆ ನಾಲ್ಕು ರಾತ್ರಿಯ ಲೆಕ್ಕದಲ್ಲಿ. ಊಟಿಗೋ ಮಡಿಕೇರಿಗೋ ಹೋಗಿಬರುವ ಹಾಗೆ ಐದು ದಿನಕ್ಕೆ ಎಂಟು ಹತ್ತು ಜಾಗ ತುರುಕಿ, ವ್ಯಾನಿನಿಂದ ದೋಣಿಗೆ, ದೋಣಿಯಿಂದ ವ್ಯಾನಿಗೆ ಜನರನ್ನು ಓಡಿಸುತ್ತಾರೆ. ವಾಪಸು ಬಂದವರು ‘ಪರವಾಗಿಲ್ಲ, ಗೋವಾ ಥರಾನೇ’ ಅನ್ನುತ್ತಾರೆ. ದ್ವೀಪಕ್ಕೆ ಯಾಕೆ ಹೋಗಬೇಕು, ಹೋದರೆ ಹೇಗೆ ಹೋಗಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುವುದು ಈ ಪತ್ರದ ಉದ್ದೇಶ.

ನಮ್ಮ ಕರಾವಳಿಯೇ ಇಷ್ಟು ಚೆನ್ನಾಗಿರುವಾಗ ಬೆಂಗಳೂರಿನಿಂದ ಎರಡೂವರೆ ಗಂಟೆ ವಿಮಾನದಲ್ಲಿ ಕೂತು ಅಲ್ಲಿಗೆ ಹೋಗುವುದೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2020ರಲ್ಲಿ ಭಾರತದ ಎಂಟು ಕಡಲತೀರಗಳಿಗೆ ಮೊದಲ ಸಲ ‘ಬ್ಲೂ ಫ್ಲ್ಯಾಗ್’ ಎಂಬ, ಶುಚಿ-ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಬಂದಾಗ ಅಂಡಮಾನಿನ ರಾಧಾನಗರದ ಜೊತೆಗೆ ನಮ್ಮ ಪಡುಬಿದ್ರಿ, ಕಾಸರಕೋಡು ಎರಡೂ ಆ ಪಟ್ಟಿಯಲ್ಲಿದ್ದವು. ಮರಳು, ಗಾಳಿ, ಸೂರ್ಯಾಸ್ತ ಇಷ್ಟೇ ಬೇಕಿದ್ದರೆ ಪಡುಬಿದ್ರಿ ಸಾಕು.

ವ್ಯತ್ಯಾಸ ಇರುವುದು ನೀರಿನೊಳಗೆ. ನೇತ್ರಾವತಿ, ಶರಾವತಿ, ಅಘನಾಶಿನಿ, ಕಾಳಿ ನದಿಗಳು ಘಟ್ಟದ ಮಣ್ಣನ್ನು ವರ್ಷವರ್ಷವೂ ತಂದು ನಮ್ಮ ಕಡಲಿಗೆ ಸುರಿಯುತ್ತವೆ. ದಡದ ಹತ್ತಿರ ನೀರು ಕಲಕಿದಂತೆ ಕಾಣುವುದು ಅದರಿಂದಲೇ. ಅಂಡಮಾನಿನಲ್ಲಿ ಅಂಥ ದೊಡ್ಡ ನದಿಗಳಿಲ್ಲ, ಕಾಡು ನೀರಿನ ಅಂಚಿನವರೆಗೂ ಇಳಿದು ನಿಂತಿದೆ, ಕೊಚ್ಚಿ ಬರುವ ಮಣ್ಣು ಕಡಿಮೆ. ಅಲ್ಲಿನ ಬಿಳಿ ಮರಳಿನಲ್ಲಿ ಬಹುಪಾಲು ಹವಳ ಮತ್ತು ಚಿಪ್ಪಿನ ಪುಡಿ. ಹವಳವನ್ನು ಕಡಿದು ಅರೆದು, ಸತ್ವ ಹೀರಿಕೊಂಡು, ಉಳಿದದ್ದನ್ನು ಮರಳಾಗಿ ಹಿಂದೆ ಬಿಡುವ ಗಿಳಿಮೀನುಗಳ ಪಾಲೂ ಅದರಲ್ಲಿದೆ. ಬಿಳಿ ತಳದ ಮೇಲೆ ತಿಳಿನೀರು ನಿಂತರೆ ಬಿಸಿಲಿಗೆ ಆ ನೀಲಿ ಬರುತ್ತದೆ. ಇನ್ನೊಂದು ವಿಷಯ: ಹವಳದ ದಂಡೆ ದೊಡ್ಡ ಅಲೆಗಳನ್ನು ದೂರದಲ್ಲೇ ಮುರಿಯುವುದರಿಂದ ಒಳಗೆ ನೀರು ಕೊಳದ ಹಾಗೆ ನಿಲ್ಲುತ್ತದೆ. ಈಜು ಬಾರದ ಅರವತ್ತರ ಅಜ್ಜಿ ಕೂಡ ಲೈಫ್ ಜಾಕೆಟ್ ಹಾಕಿಕೊಂಡು ಎದೆಮಟ್ಟದ ನೀರಲ್ಲಿ ಮುಖವಿಟ್ಟರೆ ಸಾಕು, ಕಾಲ ಸುತ್ತ ಮೀನು ಓಡಾಡುವುದು ಕಾಣುತ್ತದೆ. ಆ ದ್ವೀಪಗಳಿಗೆ ಹೋಗಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಲಕ್ಷದ್ವೀಪದಲ್ಲೂ ಇದು ಸಿಗುತ್ತದೆ. ಆದರೆ ಅಲ್ಲಿಗೆ ಪ್ರವೇಶ ಪರವಾನಗಿ ಮೊದಲೇ ಮಾಡಿಸಬೇಕು. ಅಂಡಮಾನಿನ ಸಾಮಾನ್ಯ ಪ್ರವಾಸಿ ದ್ವೀಪಗಳಿಗೆ ಭಾರತೀಯರಿಗೆ ಅದರ ಅಗತ್ಯವಿಲ್ಲ, ಗುರುತಿನ ಚೀಟಿ ಇದ್ದರೆ ಆಯಿತು.

ಹೆಸರುಗಳ ಗೊಂದಲ ಮೊದಲು ಬಿಡಿಸಿಬಿಡೋಣ. 2018ರ ಡಿಸೆಂಬರಿನಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಟಿಕೆಟ್, ಬೋರ್ಡು, ಜನರ ಬಾಯಿ ಈ ಮೂರರಲ್ಲಿ ಮೂರು ಬಗೆಯ ಹೆಸರು ಸಿಕ್ಕರೆ ಗಾಬರಿಯಾಗಬೇಡಿ, ಊರು ಒಂದೇ. ಸ್ವರಾಜ್ ದ್ವೀಪದ ಹಳ್ಳಿಗಳಾದ ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ವಿಜಯನಗರ, ರಾಧಾನಗರ ಇವೆಲ್ಲ ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಊರುಗಳು. ಬೆಂಗಳೂರಿನವರಿಗೆ ಬಿಎಂಟಿಸಿ ಬಸ್ಸಿನ ಬೋರ್ಡು ಓದಿದಂತಾಗುತ್ತದೆ.

ಯಾವಾಗ ಹೋಗಬೇಕು? ನಮ್ಮ ಶಾಲೆಗಳ ರಜೆಗೂ ಆ ಕಡಲಿಗೂ ಪೂರ್ತಿ ಹೊಂದಾಣಿಕೆಯಿಲ್ಲ. ದಸರಾ ರಜೆ ಚೆನ್ನಾಗಿಲ್ಲ, ಅಕ್ಟೋಬರ್-ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳ ಕಾಲ. ಕ್ರಿಸ್‌ಮಸ್ ವಾರದಲ್ಲಿ ಹವೆ ಚೆನ್ನಾಗಿದ್ದರೂ ಜನಜಂಗುಳಿ, ಬೆಲೆ ದುಪ್ಪಟ್ಟು. ಏಪ್ರಿಲ್ ಸೆಖೆಯ ತಿಂಗಳು, ಆದರೆ ಕಡಲು ಎಣ್ಣೆ ಸುರಿದಂತೆ ನಿಂತಿರುತ್ತದೆ, ನೀರೊಳಗೆ ದೂರದವರೆಗೆ ಕಾಣುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಪರೀಕ್ಷೆ ಮುಗಿದ ಮೇಲಿನ ಆ ಎರಡು ಮೂರು ವಾರವೇ ಸರಿ. ಮೇ ಮಧ್ಯ ದಾಟಿಸಬೇಡಿ. ಮುಂಗಾರು ಕೇರಳ ಮುಟ್ಟುವುದು ಜೂನ್ 1ರ ಸುಮಾರಿಗೆ. ಅಂಡಮಾನ್ ಅದರ ದಾರಿಯಲ್ಲೇ ಮೊದಲು ಸಿಗುವ ನಿಲ್ದಾಣ, ಹತ್ತು ಹನ್ನೆರಡು ದಿನ ಮುಂಚೆಯೇ ಅಲ್ಲಿ ಮಳೆ ಹಿಡಿದಿರುತ್ತದೆ. ಮಕ್ಕಳ ಶಾಲೆಯ ಹಂಗಿಲ್ಲದವರು ಸಂಕ್ರಾಂತಿಯಿಂದ ಶಿವರಾತ್ರಿಯ ನಡುವೆ ಹೋಗಲಿ.

ಜಾಹೀರಾತುಗಳು ಹೇಳದ ಸಂಗತಿಯೊಂದಿದೆ: ಅಲ್ಲಿ ಸೂರ್ಯ ನಮಗಿಂತ ಒಂದು ಗಂಟೆ ಮುಂದೆ. ಗಡಿಯಾರ ಅದೇ, ಆದರೆ ಊರು ಬೆಂಗಳೂರಿಗಿಂತ 15 ಡಿಗ್ರಿ ಪೂರ್ವಕ್ಕಿದೆ. ಏಪ್ರಿಲಿನಲ್ಲಿ ಐದು ಗಂಟೆ ದಾಟುತ್ತಲೇ ಸೂರ್ಯೋದಯ, ಐದೂವರೆಗೆ ಸೂರ್ಯಾಸ್ತ. ಡಿಸೆಂಬರ್ ಕೊನೆಯಲ್ಲಿ ಸಂಜೆ ಐದು ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಬೆಂಗಳೂರಿನ ಅಭ್ಯಾಸದಲ್ಲಿ ಎಂಟಕ್ಕೆದ್ದು, ಒಂಬತ್ತೂವರೆಗೆ ತಿಂಡಿ ತಿಂದು, ಹನ್ನೊಂದಕ್ಕೆ ಹೊರಬಿದ್ದರೆ ಅಲ್ಲಿ ಅರ್ಧ ದಿನ ಕಳೆದಿರುತ್ತದೆ, ಸುಡುಬಿಸಿಲು ನೆತ್ತಿಯ ಮೇಲಿರುತ್ತದೆ. ಮಧ್ಯಾಹ್ನ ಎರಡರ ದೋಣಿಯಲ್ಲಿ ಸ್ವರಾಜ್ ದ್ವೀಪಕ್ಕೆ ಹೊರಟು ‘ಅದೇ ದಿನ ರಾಧಾನಗರದಲ್ಲಿ ಸೂರ್ಯಾಸ್ತ’ ಎಂದು ಕಾರ್ಯಕ್ರಮ ಕೊಡುವವರಿದ್ದಾರೆ. ದೋಣಿ ಮೂರೂವರೆಗೆ ಮುಟ್ಟಿ, ಸಾಮಾನು ಇಳಿದು, ಕೋಣೆ ಸಿಕ್ಕಿ, ಹತ್ತು ಕಿಲೋಮೀಟರಿಗೂ ಹೆಚ್ಚು ದೂರದ ತೀರ ಸೇರುವ ಹೊತ್ತಿಗೆ ಕಾವಲಿನವರು ಸೀಟಿ ಊದಿ ಜನರನ್ನು ನೀರಿನಿಂದ ಹೊರಡಿಸುತ್ತಿರುತ್ತಾರೆ. ಐದಕ್ಕೆ ಎದ್ದು, ಬೆಳಿಗ್ಗೆ ಆರರಿಂದ ಹತ್ತರವರೆಗೆ ನೀರಿನ ಕೆಲಸ ಮುಗಿಸಿ, ಮಧ್ಯಾಹ್ನ ಮಲಗಿ, ಮೂರಕ್ಕೆ ಮತ್ತೆ ತೀರಕ್ಕೆ ಹೋಗಿ, ರಾತ್ರಿ ಒಂಬತ್ತಕ್ಕೆ ದೀಪ ಆರಿಸುವುದು ಅಲ್ಲಿನ ಸಹಜ ದಿನಚರಿ. ಎರಡೇ ದಿನಕ್ಕೆ ಮೈ ಅದಕ್ಕೆ ಒಗ್ಗುತ್ತದೆ, ಒಗ್ಗಿದ ಮೇಲೆ ಬಿಡಲು ಮನಸ್ಸಾಗುವುದಿಲ್ಲ.

ಈಗ ಪಂಚಾಂಗಕ್ಕೆ ಬರುತ್ತೇವೆ. ದ್ವೀಪದಲ್ಲಿ ಹಗಲು-ರಾತ್ರಿಗಿಂತ ಉಬ್ಬರ-ಇಳಿತ ಮುಖ್ಯ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ವೇಳೆ ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಜರುಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರಿನ ಏರಿಳಿತ ಅಲ್ಲಿ ಎರಡು ಮೀಟರ್ ಹತ್ತಿರ ಹೋಗುತ್ತದೆ. ಅಷ್ಟಮಿಯ ನಂತರದ ಒಂದೆರಡು ದಿನ ಅತಿ ಕಡಿಮೆ. ಮಲ್ಪೆ, ತದಡಿಯ ಮೀನುಗಾರರಿಗೆ ಇದು ಬಾಯಿಪಾಠ, ಪ್ರವಾಸ ಆಯೋಜಿಸುವವರಿಗೆ ಮಾತ್ರ ಬೇಡವಾಗಿದೆ. ಹುಣ್ಣಿಮೆಯ ಮಧ್ಯಾಹ್ನ ಶಹೀದ್ ದ್ವೀಪದ ಭರತಪುರ ತೀರಕ್ಕೆ ಕರೆದೊಯ್ದು ‘ಈಜಿಕೊಳ್ಳಿ’ ಎಂದರೆ ಅಲ್ಲಿ ಮೊಣಕಾಲುದ್ದ ನೀರು, ಕೆಳಗೆ ಕತ್ತಿಯಂಥ ಕಲ್ಲುಹವಳ. ಜನ ಅದರ ಮೇಲೆ ನಡೆದು ಕಾಲನ್ನೂ ಕೊಯ್ದುಕೊಳ್ಳುತ್ತಾರೆ, ಹವಳವನ್ನೂ ಮುರಿಯುತ್ತಾರೆ.

ಅದೇ ದ್ವೀಪದ ಲಕ್ಷ್ಮಣಪುರದಲ್ಲಿರುವ ಕಲ್ಲಿನ ಸಹಜ ಕಮಾನು ನೋಡಲು ಮಾತ್ರ ಆಳವಾದ ಇಳಿತವೇ ಬೇಕು. ನೀರು ಹಿಂದೆ ಸರಿದಾಗ ಬಂಡೆಗಳ ನಡುವಿನ ಹೊಂಡಗಳಲ್ಲಿ ಪುಟ್ಟ ಮೀನು, ಕಡಲ ಸೌತೆ, ಏಡಿ ಸಿಕ್ಕಿಕೊಂಡಿರುತ್ತವೆ, ಕಮಾನಿಗಿಂತ ಅವನ್ನು ನೋಡುವುದೇ ಚಂದ. ಅಮಾವಾಸ್ಯೆಯ ಹತ್ತಿರ ಅಲ್ಲಿ ದೊಡ್ಡ ಇಳಿತ ಸಾಮಾನ್ಯವಾಗಿ ಮಧ್ಯಾಹ್ನದ ನಂತರ ಬೀಳುತ್ತದೆ. ತಳದಲ್ಲಿ ಹಿಡಿತವಿರುವ ಚಪ್ಪಲಿ ಇಲ್ಲದೆ ಆ ಕಲ್ಲುಗಳ ಮೇಲೆ ಕಾಲಿಡಬಾರದು, ಪಾಚಿ ಸೋಪಿನಂತೆ ಜಾರುತ್ತದೆ. ಇಳಿತದ ತುದಿಗೆ ಒಂದು ಗಂಟೆ ಮೊದಲು ಹೋಗಿ, ನೀರು ತಿರುಗುತ್ತಿದ್ದಂತೆ ಹೊರಡಬೇಕು.

ಸ್ವರಾಜ್ ದ್ವೀಪದಲ್ಲಿ ರಾತ್ರಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಾಲುವೆಗಳಲ್ಲಿ ಕಯಾಕ್ ನಡೆಸುವಾಗ ಹುಟ್ಟು ಬಿದ್ದಲ್ಲೆಲ್ಲ ನೀರು ನೀಲಿಯಾಗಿ ಮಿಂಚುವುದುಂಟು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳನ್ನು ಅಲುಗಿಸಿದಾಗ ಹೊಮ್ಮುವ ಬೆಳಕು ಅದು. ಬೆಳದಿಂಗಳಿದ್ದರೆ ಏನೂ ಕಾಣದು, ಹಣ ದಂಡ. ಇವೆಲ್ಲವನ್ನೂ ಕೂಡಿಸಿ ನೋಡಿದರೆ ಲೆಕ್ಕ ತಾನಾಗಿ ಕೂರುತ್ತದೆ: ಕೃಷ್ಣಪಕ್ಷದ ಅಷ್ಟಮಿಯ ಹೊತ್ತಿಗೆ ಸ್ವರಾಜ್ ದ್ವೀಪದಲ್ಲಿರಬೇಕು. ಏರಿಳಿತ ಕಡಿಮೆ, ಹಗಲಿಡೀ ನೀರಿಗಿಳಿಯಬಹುದು. ಚಂದ್ರ ಹುಟ್ಟುವುದು ನಡುರಾತ್ರಿಯ ಸುಮಾರಿಗೆ, ಸಂಜೆಯ ಕತ್ತಲು ಪೂರ್ತಿ ನಮ್ಮದು. ದ್ವಾದಶಿಯ ಹೊತ್ತಿಗೆ ಶಹೀದ್ ದ್ವೀಪಕ್ಕೆ ದಾಟಿದರೆ ತ್ರಯೋದಶಿ-ಚತುರ್ದಶಿಯ ಆಳದ ಇಳಿತಕ್ಕೆ ಕಮಾನು ಕಾಯುತ್ತಿರುತ್ತದೆ. ನಿಖರ ಗಂಟೆಗೆ ಉಬ್ಬರ-ಇಳಿತದ ಪಟ್ಟಿ ನೋಡಬೇಕು, ವಾರ ಆರಿಸಿಕೊಳ್ಳಲು ಮಾತ್ರ ಗೋಡೆಯ ಕ್ಯಾಲೆಂಡರಿನ ತಿಥಿಯೇ ಸಾಕು.

ಇನ್ನು ದೋಣಿ. ಶ್ರೀ ವಿಜಯಪುರಂನಿಂದ ಸ್ವರಾಜ್ ದ್ವೀಪಕ್ಕೆ ಖಾಸಗಿ ವೇಗದ ದೋಣಿಗಳಲ್ಲಿ ಒಂದೂವರೆ ಗಂಟೆಯಷ್ಟು, ಸರ್ಕಾರಿ ದೋಣಿಯಲ್ಲಿ ಎರಡೂವರೆ ಗಂಟೆಯ ಆಸುಪಾಸು. ಖಾಸಗಿ ದೋಣಿಗಳ ಸೀಟು ಬಹಳ ಮೊದಲೇ ಸಿಗುತ್ತದೆ, ಸರ್ಕಾರಿ ದೋಣಿಯದು ಪ್ರಯಾಣಕ್ಕೆ ಕೆಲವೇ ದಿನ ಇರುವಾಗ. ಎರಡರ ಕಟ್ಟೆಗಳೂ ಬೇರೆ ಬೇರೆ. ಖಾಸಗಿಯವು ಹೆಚ್ಚಾಗಿ ಹ್ಯಾಡೋದಿಂದ, ಸರ್ಕಾರಿಯವು ಫೀನಿಕ್ಸ್ ಬೇಯಿಂದ ಹೊರಡುತ್ತವೆ. ಆಟೋದವರಿಗೆ ಬರೀ ‘ಜೆಟ್ಟಿ’ ಎಂದು ಹೇಳಿ ತಪ್ಪು ಕಡೆ ಇಳಿದು ದೋಣಿ ತಪ್ಪಿಸಿಕೊಳ್ಳುವುದು ತೀರಾ ಸಾಮಾನ್ಯ.

ಘಟ್ಟ ಹತ್ತುವಾಗ ಬಸ್ಸಿನಲ್ಲಿ ವಾಂತಿ ಮಾಡುವವರು ದೋಣಿಯಲ್ಲೂ ಮಾಡುತ್ತಾರೆ ಎಂದೇ ತಿಳಿಯಿರಿ. ಒಳಕಿವಿಗೆ ಅಲುಗಾಟ ಗೊತ್ತಾಗುತ್ತದೆ, ಮುಚ್ಚಿದ ಎಸಿ ಕೋಣೆಯಲ್ಲಿ ಕಣ್ಣಿಗೆ ಅದು ಕಾಣುವುದಿಲ್ಲ, ಈ ಎರಡರ ಜಗಳವೇ ಹೊಟ್ಟೆ ತೊಳಸುವುದಕ್ಕೆ ಕಾರಣ. ಮೊಬೈಲ್ ನೋಡಿದರೆ ಜಗಳ ಇನ್ನೂ ಜೋರಾಗುತ್ತದೆ. ಕೆಳ ಅಂತಸ್ತಿನಲ್ಲಿ, ನಡುವಿನಿಂದ ಹಿಂದಕ್ಕೆ ಇರುವ ಸೀಟು ಆರಿಸಿಕೊಳ್ಳಬೇಕು. ಮುಂದಿನ ಸಾಲು ಕಿಟಕಿಯ ನೋಟಕ್ಕಾಗಿ ದುಬಾರಿ, ಆದರೆ ಹೆಚ್ಚು ಎದ್ದು ಬೀಳುವುದೂ ಅದೇ. ವಾಂತಿ ನಿಲ್ಲಿಸುವ ಮಾತ್ರೆಯನ್ನು ವೈದ್ಯರನ್ನು ಕೇಳಿ ತಂದುಕೊಂಡಿದ್ದರೆ ದೋಣಿ ಹತ್ತುವ ಒಂದು ಗಂಟೆ ಮೊದಲೇ ನುಂಗಬೇಕು, ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ಖಾಲಿ ಹೊಟ್ಟೆಯೂ ಬೇಡ, ಪೂರಿ-ಸಾಗುವೂ ಬೇಡ. ಎರಡು ಇಡ್ಲಿ, ಒಂದು ಬಾಳೆಹಣ್ಣು ಸರಿ. ತೀರಾ ಅನುಮಾನವಿದ್ದವರು ಸರ್ಕಾರಿ ದೋಣಿಯ ತೆರೆದ ಅಟ್ಟದ ಮೇಲೆ ನಿಂತು ದಿಗಂತ ನೋಡುತ್ತ ಹೋದರೆ ಬಹಳ ಮಟ್ಟಿಗೆ ಪಾರಾಗುತ್ತಾರೆ. ಮನೆಯವರಲ್ಲಿ ಯಾರಿಗೆ ಕಡಲು ಆಗಿಬರುತ್ತದೆ ಎಂಬುದನ್ನು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬಂದು ಮೊದಲೇ ಪರೀಕ್ಷಿಸಬಹುದು, ಖರ್ಚೂ ಕಡಿಮೆ.

ಸ್ನಾರ್ಕಲಿಂಗ್, ಅಂದರೆ ಮುಖಕ್ಕೆ ಮಾಸ್ಕ್, ಬಾಯಿಗೆ ಉಸಿರಾಟದ ಕೊಳವೆ ಇಟ್ಟುಕೊಂಡು ತೇಲುತ್ತ ನೀರೊಳಗೆ ನೋಡುವ ವಿಷಯಕ್ಕೆ ಬಂದರೆ, ಸ್ವರಾಜ್ ದ್ವೀಪದ ಎಲಿಫೆಂಟ್ ತೀರಕ್ಕೆ ದೋಣಿ ಟಿಕೆಟ್ ಕೊಂಡವರಿಗೆ ‘ಉಚಿತ’ ಎಂದು ಕೊಡುವುದು ಕೆಲವೇ ನಿಮಿಷದ ಆಟ, ರಬ್ಬರ್ ಟ್ಯೂಬು ಹಿಡಿಸಿ ಎಳೆದುಕೊಂಡು ಹೋಗಿ ತರುತ್ತಾರೆ. ಅದು ಬರೀ ರುಚಿ ತೋರಿಸಿದಂತೆ. ಮಾಸ್ಕ್ ಸೋರುವುದರಿಂದಲೇ ಅರ್ಧ ಜನ ಹೆದರಿ ಎದ್ದುಬಿಡುತ್ತಾರೆ. ನೀರಿಗಿಳಿಯುವ ಮೊದಲು ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ ಮೂಗಿನಿಂದ ಉಸಿರು ಎಳೆಯಿರಿ. ಕೈ ಬಿಟ್ಟರೂ ಅಂಟಿಕೊಂಡು ನಿಂತರೆ ಅದು ನಿಮ್ಮ ಅಳತೆ, ಬಿದ್ದುಹೋದರೆ ಬೇರೆ ಕೇಳಿ. ಸಿಲಿಕಾನ್ ಅಂಚಿನ ಕೆಳಗೆ ಒಂದು ಎಳೆ ಕೂದಲು ಸಿಕ್ಕಿದ್ದರೂ ನೀರು ಜಿನುಗುತ್ತದೆ, ದಪ್ಪ ಮೀಸೆಯವರಿಗೆ ಮೂಗಿನ ಕೆಳಗೆ ಸೋರುವುದು ಇದ್ದದ್ದೇ, ಅಲ್ಲಿ ಸ್ವಲ್ಪ ವ್ಯಾಸಲಿನ್ ಸವರಿದರೆ ನಿಲ್ಲುತ್ತದೆ. ಪಟ್ಟಿ ಬಿಗಿದಷ್ಟೂ ಒಳ್ಳೆಯದು ಎಂಬುದು ತಪ್ಪು ತಿಳಿವಳಿಕೆ, ಅತಿಯಾಗಿ ಬಿಗಿದರೆ ಅಂಚು ಸುಕ್ಕಾಗಿ ಇನ್ನೂ ಸೋರುತ್ತದೆ. ಗಾಜು ಮಂಜಾಗದಿರಲು ಒಳಬದಿಗೆ ಉಗುಳು ಹಚ್ಚಿ ಉಜ್ಜಿ ತೊಳೆಯುವುದೇ ಹಳೆಯ ಉಪಾಯ. ಅಸಹ್ಯವೆನಿಸಿದರೆ ಒಂದು ಹನಿ ಮಕ್ಕಳ ಶ್ಯಾಂಪೂ. ಕೊಳವೆಗೆ ನೀರು ನುಗ್ಗಿದರೆ ‘ಥೂ’ ಎಂದು ಜೋರಾಗಿ ಒಮ್ಮೆ ಊದಿದರೆ ಹೊರಗೆ ಚಿಮ್ಮುತ್ತದೆ. ದಡದಲ್ಲೇ ಸೊಂಟಮಟ್ಟದ ನೀರಲ್ಲಿ ಇದನ್ನು ಹತ್ತು ಸಲ ಅಭ್ಯಾಸ ಮಾಡಿದ ಮೇಲೆ ಮುಂದೆ ಹೋಗಬೇಕು.

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾದಲ್ಲಿ ಮೊದಲ ಸಲದವರನ್ನು 12 ಮೀಟರಿಗಿಂತ ಆಳಕ್ಕೆ ಇಳಿಸುವಂತಿಲ್ಲ, ವಯಸ್ಸು ಕನಿಷ್ಠ 10 ಆಗಿರಬೇಕು. ಹತ್ತು ಮೀಟರಿನಲ್ಲಿ ಮೈಮೇಲಿನ ಒತ್ತಡ ಮೇಲಿನದರ ಎರಡರಷ್ಟು. ಕಿವಿ ನೋಯುವುದು ಮೊದಲ ಎರಡು ಮೂರು ಮೀಟರಿನಲ್ಲೇ ಶುರುವಾಗುತ್ತದೆ. ನೋವು ಬರುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದುತ್ತಿರಬೇಕು, ಬಂದರೆ ಸ್ವಲ್ಪ ಮೇಲೇರಿ ಮತ್ತೆ ಪ್ರಯತ್ನಿಸಬೇಕು. ನೆಗಡಿ ಇದ್ದ ದಿನ ಇಳಿಯಲೇಬಾರದು, ಕಟ್ಟಿದ ಹಣ ಹೋದರೆ ಹೋಯಿತು. ಆಸ್ತಮಾ, ಹೃದಯದ ತೊಂದರೆ ಇದ್ದವರು ಆರೋಗ್ಯದ ಅರ್ಜಿಯಲ್ಲಿ ‘ಇಲ್ಲ’ ಎಂದು ಬರೆದು ಸುಳ್ಳು ಹೇಳಬಾರದು. ಇನ್ನೊಂದು ಮುಖ್ಯ ಮಾತು: ಒಂದು ಸಲ ಮುಳುಗಿದ ಮೇಲೆ ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದ್ದರೆ 18 ಗಂಟೆ ವಿಮಾನ ಹತ್ತಬಾರದು. ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಮೆಲ್ಲಗೆ ಹೊರಹೋಗಬೇಕು, ವಿಮಾನದ ಕಡಿಮೆ ಒತ್ತಡದಲ್ಲಿ ಅದು ಸೋಡಾ ಬಾಟಲಿ ತೆರೆದಂತೆ ಗುಳ್ಳೆಯಾದರೆ ಜೀವಕ್ಕೇ ಕುತ್ತು. ಸುಮ್ಮನೆ ಕುತೂಹಲಕ್ಕೆ ಒಮ್ಮೆ ಮುಳುಗಿ ನೋಡಬೇಕೆನ್ನುವವರಿಗೆ ಮುರ್ಡೇಶ್ವರದ ಎದುರಿನ ನೇತ್ರಾಣಿಯೇ ಇದೆ.

ಕೊನೆಯ ರಾತ್ರಿ ಶ್ರೀ ವಿಜಯಪುರಂನಲ್ಲೇ ಕಳೆಯಬೇಕು ಎಂದು ಒತ್ತಿ ಹೇಳಲು, ಮುಳುಗಿದ ಮೇಲೆ ವಿಮಾನಕ್ಕೆ ಹೀಗೆ ಕಾಯಬೇಕಾದದ್ದೂ ಒಂದು ಕಾರಣ. ದೊಡ್ಡ ಕಾರಣ ಹವೆ. 2016ರ ಡಿಸೆಂಬರಿನಲ್ಲಿ ಬಿರುಗಾಳಿ-ಮಳೆಗೆ ದೋಣಿ ಸಂಚಾರ ನಿಂತು ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಈ ಎರಡು ದ್ವೀಪಗಳಲ್ಲಿ ಸಿಕ್ಕಿಕೊಂಡಿದ್ದರು, ನೌಕಾಪಡೆ ಹೋಗಿ ಕರೆತರಬೇಕಾಯಿತು. ಅಷ್ಟು ದೊಡ್ಡದಲ್ಲದಿದ್ದರೂ ಒಂದು ದೋಣಿ ರದ್ದಾಗಲು ಅರ್ಧ ದಿನದ ಗಾಳಿ ಸಾಕು. ಬೆಳಗಿನ ದೋಣಿಯಲ್ಲಿ ಬಂದು ಮಧ್ಯಾಹ್ನದ ವಿಮಾನ ಹಿಡಿಯುವ ಕಾರ್ಯಕ್ರಮವನ್ನು ಯಾರೇ ಕೊಟ್ಟರೂ ಒಪ್ಪಬೇಡಿ. ಆರೋ ಏಳೋ ರಾತ್ರಿ ಇಟ್ಟುಕೊಂಡು, ಇಳಿದ ದಿನವೋ ಮರುದಿನ ಬೆಳಿಗ್ಗೆಯೋ ಸ್ವರಾಜ್ ದ್ವೀಪಕ್ಕೆ ದಾಟಿ ಅಲ್ಲಿ ಮೂರು, ಶಹೀದ್‌ನಲ್ಲಿ ಎರಡು ರಾತ್ರಿ ಉಳಿದು, ಕಡೆಯ ದಿನ ಸೆಲ್ಯುಲರ್ ಜೈಲು ನೋಡಿದರೆ ಸರಿಯಾಗುತ್ತದೆ. ‘ಕರಿನೀರಿನ ಶಿಕ್ಷೆ’ ಎಂದರೆ ನಮಗೆ ನೆನಪಾಗುವುದು ಈ ಊರೇ. 1906ರಲ್ಲಿ ಪೂರ್ತಿಯಾದ ಆ ಕಟ್ಟಡದ ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. ವಿಮಾನದಿಂದ ಇಳಿದ ನಿದ್ದೆಗಣ್ಣಿನಲ್ಲಿ ಅದನ್ನು ನೋಡಿ ಮುಗಿಸುವುದು ಬೇಡ.

ಬಾರಾಟಾಂಗ್ ದ್ವೀಪದ ಪ್ರವಾಸದ ಬಗ್ಗೆ ನಮ್ಮ ಅಭಿಪ್ರಾಯ ಕಟುವಾಗಿದೆ. ಸುಣ್ಣಕಲ್ಲಿನ ಗುಹೆ, ಕೆಸರು ಜ್ವಾಲಾಮುಖಿ ಎಂದು ಹೇಳಿ ಬೆಳಗಿನ ಜಾವವೇ ಎಬ್ಬಿಸಿ ಕರೆದೊಯ್ಯುವ ಆ ರಸ್ತೆ ಜಾರವಾ ಎಂಬ ಆದಿವಾಸಿ ಜನರ ಮೀಸಲು ಕಾಡಿನ ನಡುವೆ ಹೋಗುತ್ತದೆ. ಜಿರ್ಕಾಟಾಂಗ್ ಠಾಣೆಯಿಂದ ವಾಹನಗಳು ಗುಂಪಾಗಿ ಪೊಲೀಸ್ ಕಾವಲಿನಲ್ಲಿ ಸಾಗಬೇಕು. ನಿಲ್ಲಿಸುವುದು, ಫೋಟೊ ತೆಗೆಯುವುದು, ತಿಂಡಿ ಕೊಡುವುದು ಎಲ್ಲವೂ ಅಪರಾಧ. ಆ ರಸ್ತೆಯನ್ನೇ ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ‘ಜಾರವಾ ಕಾಣಿಸಬಹುದು’ ಎಂದು ಏಜೆಂಟರು ಪಿಸುಗುಟ್ಟಿ ಆಸೆ ಹುಟ್ಟಿಸಿದರೆ ಅಲ್ಲೇ ಆ ಏಜೆಂಟರನ್ನು ಬಿಡಿ. ಒಂದಿಡೀ ದಿನ ಉಳಿಯುತ್ತದೆ, ಅದನ್ನು ರಾಧಾನಗರದ ಮರಗಳ ನೆರಳಲ್ಲಿ ಕಳೆಯಬಹುದು.

ಚಿಕ್ಕಪುಟ್ಟ ಮಾತುಗಳು ಕೆಲವು. ದಡದಲ್ಲಿ ಬಿದ್ದ ಸತ್ತ ಹವಳದ ತುಂಡನ್ನೂ ಚೀಲಕ್ಕೆ ಹಾಕಬೇಡಿ, ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ಅಂಗಡಿಯಲ್ಲಿ ಕೊಂಡ ಚಿಪ್ಪಿನ ಸಾಮಾನಿಗೆ ರಸೀದಿ ಇಟ್ಟುಕೊಳ್ಳಿ. ಮೊಸಳೆ ಎಚ್ಚರಿಕೆಯ ಫಲಕವಿರುವ ಕಡೆ, ಹಳ್ಳ ಕಡಲು ಸೇರುವ ಬಾಯಲ್ಲಿ, ಮುಸ್ಸಂಜೆಯಲ್ಲಿ ನೀರಿಗಿಳಿಯಬೇಡಿ. ಆ ಫಲಕಗಳು ಅಲಂಕಾರಕ್ಕೆ ಹಾಕಿದ್ದಲ್ಲ. ಮರಳುನೊಣದ ಕಡಿತ ಸೊಳ್ಳೆಯದಕ್ಕಿಂತ ಕೆಟ್ಟದ್ದು, ವಾರಗಟ್ಟಲೆ ತುರಿಸುತ್ತದೆ. ಬೆಳಿಗ್ಗೆ-ಸಂಜೆ ಬರಿಯ ಮರಳ ಮೇಲೆ ಕೂರದೆ ಚಾಪೆ ಹಾಸಿ, ಕಾಲಿಗೆ ತೆಂಗಿನೆಣ್ಣೆ ಹಚ್ಚಿಕೊಂಡರೆ ಎಷ್ಟೋ ವಾಸಿ. ಬಿಸಿಲಿಗೆ ಕ್ರೀಮು ಬಳಿದುಕೊಳ್ಳುವ ಬದಲು ತುಂಬುತೋಳಿನ ಈಜಂಗಿ ತೊಟ್ಟರೆ ಹವಳಕ್ಕೂ ಒಳ್ಳೆಯದು, ಬೆನ್ನೂ ಸುಲಿಯುವುದಿಲ್ಲ. 2020ರಲ್ಲಿ ಚೆನ್ನೈಯಿಂದ ಕಡಲಡಿಯ ಕೇಬಲ್ ಬಂದ ಮೇಲೆ ಇಂಟರ್ನೆಟ್ ಸುಧಾರಿಸಿದೆ, ಆದರೂ ಚಿಕ್ಕ ದ್ವೀಪಗಳಲ್ಲಿ ಯುಪಿಐ ಕೈಕೊಡುವುದುಂಟು, ಎರಡು ದಿನಕ್ಕೆ ಸಾಕಾಗುವಷ್ಟು ನಗದು ಜೇಬಲ್ಲಿರಲಿ. ನಿತ್ಯದ ಔಷಧಿ ಊರಿಂದಲೇ ಒಯ್ಯಿರಿ. ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಶಹೀದ್ ದ್ವೀಪ ತರಕಾರಿಗೇ ಹೆಸರಾದ ಊರು.

ಟೂರ್ ಕಂಪನಿಗಳಿಗೆ ನಮ್ಮದೊಂದು ಕೋರಿಕೆ. ಜಾಹೀರಾತಿನಲ್ಲಿ ಹೋಟೆಲಿನ ನಕ್ಷತ್ರ ಎಣಿಸುವ ಜಾಗದಲ್ಲಿ ಇಷ್ಟನ್ನು ಮುದ್ರಿಸಲಿ: ಯಾವ ದೋಣಿ, ಎಷ್ಟು ಗಂಟೆಗೆ, ಕೊನೆಯ ರಾತ್ರಿ ಯಾವ ದ್ವೀಪದಲ್ಲಿ, ದೋಣಿ ರದ್ದಾದರೆ ಆ ರಾತ್ರಿಯ ಕೋಣೆಯ ಬಾಡಿಗೆ ಯಾರದು. ಪತ್ರಿಕೆಯವರೂ ಬೇಸಿಗೆ ಪ್ರವಾಸದ ಪುಟ ಮಾಡುವಾಗ ಈ ನಾಲ್ಕನ್ನು ಕೇಳಿ ಪ್ರಕಟಿಸಿದರೆ, ಮುಂಗಡ ಕಟ್ಟುವ ಮೊದಲೇ ಓದುಗರಿಗೆ ಗೊತ್ತಾಗುತ್ತದೆ.

ಇಂತಿ,
ಕಡಲ ಕಡೆಯ ಓದುಗರು, ಉಡುಪಿ